ಅರವತ್ತಮೂರರಲ್ಲಿ ಲಿನಕ್ಸ್

ಡೊಂಬಿವಲಿಯ ಆ ನಿವೃತ್ತ ಲೆಕ್ಕಿಗರಿಗೆ ಲಿನಕ್ಸಿನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅದರ ಹೆಸರನ್ನು ಮಗನ ಬಾಯಲ್ಲಿ ಕೇಳಿದ್ದರು, ಅಷ್ಟೆ. ಧಾರವಾಡದ ಕಡೆಯಿಂದ 22ನೇ ವಯಸ್ಸಿಗೆ ಮುಂಬಯಿಗೆ ಬಂದು, ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ 38 ವರ್ಷ ದುಡಿದು ಮನೆಗೆ ಕೂತವರು. ಕಂಪ್ಯೂಟರೆಂದರೆ ಅವರಿಗೆ ಪಿಂಚಣಿಯ ಸ್ಲಿಪ್ಪು, ಟಿಕೆಟ್ ಬುಕಿಂಗು, ಮೊಮ್ಮಗಳ ವಿಡಿಯೋ ಕರೆ. ಇಷ್ಟಕ್ಕೆ 2014ರಲ್ಲಿ ಕೊಂಡ ಲ್ಯಾಪ್‌ಟಾಪು ಸಾಕಾಗಿತ್ತು.

2025ರ ಬೇಸಿಗೆಯಲ್ಲಿ ಆ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಸೂಚನೆ ಪದೇ ಪದೇ ಬರತೊಡಗಿತು. ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ನಂತರ ಬೆಂಬಲ ಇರುವುದಿಲ್ಲ ಎಂದು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕೆನ್ನುತ್ತದೆ. ಇವರದು ನಾಲ್ಕನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮು. ಭದ್ರತಾ ಅಪ್‌ಡೇಟುಗಳನ್ನು ಇನ್ನೊಂದು ವರ್ಷ ಮುಂದುವರಿಸಿಕೊಳ್ಳುವ ದಾರಿಯಿತ್ತು, ಆದರೆ ಅದು ಒಂದು ವರ್ಷದ ವಾಯಿದೆ ಮಾತ್ರ. ಸ್ಟೇಷನ್ ರಸ್ತೆಯ ಅಂಗಡಿಯವನು ಯಂತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಭಂಗಾರಕ್ಕೆ ಹಾಕಿ ಹೊಸದು ತಗೊಳ್ಳಿ ಎಂದ. ಹೈದರಾಬಾದಿನಲ್ಲಿರುವ ಮಗ ಫೋನಿನಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಹೇಳಿದ: "ಅಪ್ಪಾ, ಹೊಸಾದೊಂದು ಕಳಸ್ತೇನಿ. ಅದರ ಜೋಡಿ ಯಾಕ ಒದ್ದಾಡ್ತೀರಿ?"

ಹೊಸದು ಬಂದರೆ ಹಳೆಯದರೊಳಗೆ ಇದ್ದದ್ದರ ಗತಿಯೇನು ಎಂಬುದು ಅವರ ಚಿಂತೆ. ಅದರಲ್ಲಿ ಅವರ ಹೆಂಡತಿ ಹತ್ತು ವರ್ಷ ಕೂತು ಟೈಪು ಮಾಡಿದ 412 ಹಾಡುಗಳಿದ್ದವು. ಬೀಸುವ ಪದ, ಸೋಬಾನ ಪದ, ಜೋಗುಳ, ಹಂತಿಯ ಪದ. ಸವದತ್ತಿಯ ಕಡೆ ತವರಿಗೆ ಹೋದಾಗಲೆಲ್ಲ ಆಕೆ ಮುದುಕಿಯರನ್ನು ಕೂರಿಸಿಕೊಂಡು ಹಾಡಿಸಿ, ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದು, ಡೊಂಬಿವಲಿಯ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಒಂದೊಂದಾಗಿ ನುಡಿ ತಂತ್ರಾಂಶದಲ್ಲಿ ಇಳಿಸುತ್ತಿದ್ದರು. ಪ್ರತಿ ಹಾಡಿನ ಕೆಳಗೆ 'ಹೇಳಿದವರು' ಎಂದು ಬರೆದು ಹೆಸರು, ಊರು. ಎರಡು ವರ್ಷದ ಹಿಂದೆ ಆಕೆ ತೀರಿಕೊಂಡರು. ನೋಟುಬುಕ್ಕುಗಳಲ್ಲಿ ಅರ್ಧದಷ್ಟು ಮಳೆಗಾಲದಲ್ಲಿ ತೊಯ್ದು ಹೋಗಿದ್ದವು. ಉಳಿದದ್ದು ಆ ಕಡತಗಳೇ. ಅವನ್ನು ತೆರೆಯುವ ಯಂತ್ರವನ್ನು ಅಂಗಡಿಯವನ ಕೈಗೆ ಕೊಟ್ಟು 'ಎಲ್ಲಾ ಹೊಸದಕ್ಕೆ ಹಾಕಿಕೊಡು' ಎಂದು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಕಡತಗಳು ಹೇಗೆ ಬದುಕುತ್ತವೆ ಎಂಬುದು ತಮಗೇ ತಿಳಿದಿರಬೇಕು ಎನ್ನಿಸಿತು. ಹಳೆಯ ಯಂತ್ರದಲ್ಲಿ ಲಿನಕ್ಸ್ ಚೆನ್ನಾಗಿ ಓಡುತ್ತದೆಂದು ಯಾರೋ ಹೇಳಿದ್ದು ಆ ಹೊತ್ತಿಗೆ ನೆನಪಾಯಿತು.

ಅಲ್ಲಿಂದ ಶುರುವಾದದ್ದು ಹೊಸಬರೆಲ್ಲರಿಗೂ ಎದುರಾಗುವ ಪೀಕಲಾಟ. ಲಿನಕ್ಸ್ ಹಾಕಿಕೊಳ್ಳಬೇಕೆಂದರೆ ಮೊದಲ ಪ್ರಶ್ನೆಯೇ 'ಯಾವ ಲಿನಕ್ಸ್?' ಎಂದು. ಮಗ ಸರ್ವರುಗಳ ಕೆಲಸದವನು, ಡೆಬಿಯನ್ ಹಾಕಿಕೊಳ್ಳಿ, ಕಲ್ಲಿನಂತೆ ನಿಲ್ಲುತ್ತದೆ ಎಂದ. ಮೇಲಿನ ಮಹಡಿಯ ಎಂಜಿನಿಯರಿಂಗ್ ಓದುವ ಮರಾಠಿ ಹುಡುಗ, ಕಾಕಾ, ಆರ್ಚ್ ಹಾಕಿದರೆ ಎಲ್ಲವನ್ನೂ ತಳದಿಂದ ಕಲಿಯುತ್ತೀರಿ ಎಂದ. ಅವನ ಗೆಳೆಯನೊಬ್ಬ ಕಾಲಿ ಲಿನಕ್ಸಿನ ಹೆಸರು ಎತ್ತಿದ. ಸಂಘದ ಸ್ನೇಹಿತರೊಬ್ಬರು, ನಮ್ಮ ದೇಶದ್ದೇ ಇದೆಯಲ್ಲ, ಸಿ-ಡ್ಯಾಕ್‌ನವರ ಬಾಸ್ ಎಂದು ನೆನಪಿಸಿದರು. ಇವರು ರಾತ್ರಿ ಊಟವಾದ ಮೇಲೆ ಕೂತು ಹುಡುಕಿದರೆ ಡಿಸ್ಟ್ರೋವಾಚ್ ಎಂಬ ತಾಣದಲ್ಲಿ ನೂರಾರು ಹೆಸರುಗಳ ಪಟ್ಟಿ. 2001ರಿಂದ ನಡೆಯುತ್ತಿರುವ ಆ ತಾಣದಲ್ಲಿ ಒಂದು ಶ್ರೇಯಾಂಕವೂ ಉಂಟು. ಮೊದಲ ವಾರ ಅವರು ಅದನ್ನು ಪರೀಕ್ಷೆಯ ಫಲಿತಾಂಶದಂತೆ ಓದಿದರು. ಆಮೇಲೆ ತಿಳಿಯಿತು, ಅದು ಆ ತಾಣದಲ್ಲಿ ಯಾವ ಪುಟವನ್ನು ಎಷ್ಟು ಜನ ನೋಡಿದರು ಎಂಬ ಎಣಿಕೆ. ಎಷ್ಟು ಜನ ಬಳಸುತ್ತಾರೆ ಎಂಬುದಕ್ಕೂ, ಯಾವುದು ಒಳ್ಳೆಯದು ಎಂಬುದಕ್ಕೂ ಅದು ಅಳತೆಯಲ್ಲ.

ಇಷ್ಟೊಂದು ಹೆಸರುಗಳು ಯಾಕೆ ಎಂಬುದು ಬಿಡಿಸಿಕೊಂಡಾಗ ಅರ್ಧ ಭಾರ ಇಳಿಯಿತು. ಲಿನಕ್ಸ್ ಎಂಬುದು ನಿಜದಲ್ಲಿ ಕರ್ನಲ್ಲಿನ ಹೆಸರು. ಯಂತ್ರದ ಭಾಗಗಳನ್ನೂ ಮೇಲಿನ ತಂತ್ರಾಂಶಗಳನ್ನೂ ಜೋಡಿಸುವ ಒಳತಿರುಳು ಅದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು, ಹವ್ಯಾಸಕ್ಕಾಗಿ ಇಂಥದೊಂದನ್ನು ಮಾಡುತ್ತಿದ್ದೇನೆ ಎಂದು ತಿಳಿಸಿದ್ದು ಅದರ ಆರಂಭ. ಅದರ ಸುತ್ತ ಬೇಕಾದ ಸಲಕರಣೆಗಳಲ್ಲಿ ಬಹುಪಾಲನ್ನು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಆಗಲೇ ಸಿದ್ಧ ಮಾಡಿತ್ತು. ಇವೆಲ್ಲವನ್ನೂ ಒಟ್ಟು ಮಾಡಿ, ಜೊತೆಗೆ ಡೆಸ್ಕ್‌ಟಾಪು, ತಂತ್ರಾಂಶ ಹಾಕುವ ತೆಗೆಯುವ ವ್ಯವಸ್ಥೆ, ಅಪ್‌ಡೇಟಿನ ವೇಳಾಪಟ್ಟಿ ಇವನ್ನು ಸೇರಿಸಿ ಕೊಡುವುದೇ ಡಿಸ್ಟ್ರೋ. ಧಾರವಾಡದ ಮನುಷ್ಯನಿಗೆ ಇದು ಖಾನಾವಳಿಯ ಲೆಕ್ಕದಲ್ಲಿ ಅರ್ಥವಾಯಿತು. ಜೋಳ ಎಲ್ಲ ಕಡೆಯೂ ಅದೇ. ಒಂದು ಖಾನಾವಳಿಯಲ್ಲಿ ಕಡಕ್ ರೊಟ್ಟಿ, ಇನ್ನೊಂದರಲ್ಲಿ ಬಿಸಿ ರೊಟ್ಟಿ. ಒಬ್ಬರು ಪಲ್ಯ ದಿನಾ ಬದಲಿಸುತ್ತಾರೆ, ಇನ್ನೊಬ್ಬರು ವಾರವಿಡೀ ಅದೇ ಮೂರು. ನಿಮ್ಮ ಹೊಟ್ಟೆಗೆ, ನಿಮ್ಮ ಹೊತ್ತಿಗೆ ಹೊಂದಬೇಕು, ಅಷ್ಟೆ.

ಮನೆತನಗಳನ್ನು ಗುರುತಿಸಿದ ಮೇಲೆ ಪಟ್ಟಿ ಇನ್ನೂ ಚಿಕ್ಕದಾಯಿತು. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್ ಒಂದು ದೊಡ್ಡ ಮನೆತನ. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಆತ ಇಟ್ಟ ಹೆಸರದು. ಅದರಿಂದ 2004ರಲ್ಲಿ ಉಬುಂಟು, ಉಬುಂಟುವಿನಿಂದ 2006ರಲ್ಲಿ ಲಿನಕ್ಸ್ ಮಿಂಟ್. ಚೆನ್ನೈನಲ್ಲಿ ರೂಪುಗೊಂಡ ಬಾಸ್ ಕೂಡ ಡೆಬಿಯನ್ ಮೇಲೆಯೇ ಕಟ್ಟಿದ್ದು. ಇನ್ನೊಂದು ಕಡೆ ರೆಡ್ ಹ್ಯಾಟ್‌ನ ಮನೆತನ, ಅದರಲ್ಲಿ 2003ರಿಂದ ಬಂದ ಫೆಡೋರಾ. ಆರ್ಚ್ 2002ರದು, ತನ್ನದೇ ದಾರಿಯದು, ಬಳಕೆದಾರನೇ ಪ್ರತಿಯೊಂದನ್ನೂ ಆರಿಸಿ ಕಟ್ಟಿಕೊಳ್ಳಬೇಕು. ಕಾಲಿ ಭದ್ರತಾ ಪರೀಕ್ಷೆ ಮಾಡುವ ವೃತ್ತಿಯವರಿಗೆಂದು ಮಾಡಿದ್ದು. ಲಿನಕ್ಸಿನ ಪರಿಚಯವಿಲ್ಲದವರು ಇದರಿಂದ ಶುರು ಮಾಡಬೇಡಿ ಎಂದು ಅದನ್ನು ರೂಪಿಸಿದವರೇ ಬರೆದಿಟ್ಟಿದ್ದಾರೆ.

ಇಷ್ಟಾದ ಮೇಲೆ ಲೆಕ್ಕಿಗರು ತಮ್ಮ ಹಳೆಯ ಅಭ್ಯಾಸಕ್ಕೆ ಮರಳಿದರು. 200 ಪುಟದ ನೋಟುಬುಕ್ಕು ತೆಗೆದು ನಡುವೆ ಗೆರೆ ಎಳೆದರು. ಎಡಗಡೆ 'ನಿಲ್ಲಬಾರದ ಕೆಲಸ', ಬಲಗಡೆ 'ನಿಂತರೆ ಯಾರನ್ನು ಕೇಳುವುದು'. ಎಡಗಡೆ ಐದೇ ಸಾಲು. ಹಾಡಿನ ಕಡತಗಳು ತೆರೆಯಬೇಕು. ನುಡಿಯಲ್ಲಿ ಕಲಿತ ಕೀಲಿಗಳಲ್ಲೇ ಕನ್ನಡ ಟೈಪು ಮಾಡಲು ಬರಬೇಕು. ಬ್ಯಾಂಕು ಮತ್ತು ಪಿಂಚಣಿಯ ತಾಣಗಳು ತೆರೆಯಬೇಕು. ಪ್ರಿಂಟರು ನಡೆಯಬೇಕು. ಮೊಮ್ಮಗಳ ಮುಖ ಕಾಣಬೇಕು. ಬಲಗಡೆಯ ಪಟ್ಟಿಯನ್ನು ತುಂಬುವಾಗಲೇ ತೀರ್ಮಾನ ಆಗಿಹೋಯಿತು. ಮಗನಿಗೆ ಡೆಬಿಯನ್ ಗೊತ್ತು, ಹುಡುಗ ಆರ್ಚ್‌ಗೆ ಹೋಗುವ ಮುನ್ನ ಎರಡು ವರ್ಷ ಉಬುಂಟು ಬಳಸಿದವನು. ಆ ಮನೆತನದಲ್ಲಿ ಯಾವುದನ್ನು ಆರಿಸಿದರೂ ಕೇಳಲು ಜನ ಇದ್ದಾರೆ. ಉಬುಂಟುವಿಗೆಂದು ಬರೆದ ಉತ್ತರ ಬಹುಮಟ್ಟಿಗೆ ಮಿಂಟ್‌ನಲ್ಲೂ ನಡೆಯುತ್ತದೆ. ಹೊಸಬನಿಗೆ ಡಿಸ್ಟ್ರೋದ ಗುಣಕ್ಕಿಂತ ಮುಖ್ಯವಾದದ್ದು, ರಾತ್ರಿ ಹತ್ತಕ್ಕೆ ಏನಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸಿ ಹೇಳುವವರು ಯಾರು ಎಂಬ ಪ್ರಶ್ನೆ. ಅದಕ್ಕೆ ಉತ್ತರವಿರುವ ಡಿಸ್ಟ್ರೋನೇ ಅವನಿಗೆ ಸರಿಯಾದದ್ದು.

ಆದರೂ ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ. ಆರಿಸುವ ಮುನ್ನ ರುಚಿ ನೋಡಿ ಕಾಕಾ ಎಂದು 32 ಜಿಬಿಯ ಪೆನ್‌ಡ್ರೈವಿನಲ್ಲಿ ವೆಂಟಾಯ್ ಎಂಬ ತಂತ್ರಾಂಶ ಹಾಕಿ, ಮೂರು ಡಿಸ್ಟ್ರೋಗಳ ಐಎಸ್ಒ ಕಡತಗಳನ್ನು ಅದರಲ್ಲಿ ತುಂಬಿ ಕೊಟ್ಟ. ಇಳಿಸಿಕೊಂಡ ಕಡತ ಸರಿಯಿದೆಯೇ ಎಂದು ಅದರ ಚೆಕ್‌ಸಮ್ ತಾಳೆ ನೋಡುವುದನ್ನೂ ತೋರಿಸಿಕೊಟ್ಟ. ಎರಡು ಉದ್ದ ಸಂಖ್ಯೆಗಳು ಹೊಂದುತ್ತವೆಯೇ ಎಂದು ನೋಡುವ ಕೆಲಸ ಲೆಕ್ಕಿಗರಿಗೆ ಬಹಳ ಹಿಡಿಸಿತು. ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದ ಆರಂಭಿಸಿದರೆ ಲಿನಕ್ಸ್ ಪೂರ್ತಿಯಾಗಿ ಓಡುತ್ತದೆ, ಒಳಗಿನ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದರೆ ವಿಂಡೋಸ್ ಎಂದಿನಂತೆ ಇರುತ್ತದೆ. ಹೆಂಡತಿಯ ಕಡತಗಳಿರುವ ಡಿಸ್ಕನ್ನು ಮುಟ್ಟದೆಯೇ ಪ್ರಯೋಗ ಮಾಡಬಹುದು ಎಂಬುದು ಅವರಿಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ಮೂರು ಸಂಜೆ ಮೂರನ್ನೂ ಓಡಿಸಿ ನೋಡಿದರು. ನೋಡಿದ್ದು ಚಂದವನ್ನಲ್ಲ, ನೋಟುಬುಕ್ಕಿನ ಎಡಗಡೆಯ ಐದು ಸಾಲುಗಳನ್ನು. ಉಬುಂಟು ಮತ್ತು ಫೆಡೋರಾ ನೋಡಲು ಸೊಗಸು, ಆದರೆ ಅವುಗಳ ಡೆಸ್ಕ್‌ಟಾಪು ಆ ಹಳೆಯ ಯಂತ್ರಕ್ಕೆ ಭಾರವಾಯಿತು. ಮಿಂಟ್ ಮೂರು ರೂಪಗಳಲ್ಲಿ ಸಿಗುತ್ತದೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. ಕೊನೆಯದು ಹಗುರ. ಕೆಳಗೆ ಎಡಮೂಲೆಯಲ್ಲಿ ಮೆನು, ಅದರಲ್ಲಿ ಎಲ್ಲ ತಂತ್ರಾಂಶಗಳು, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಮಿಂಟ್‌ನಲ್ಲಿ ವೈಫೈ ಕಾಣಿಸಲೇ ಇಲ್ಲ. ಲ್ಯಾಪ್‌ಟಾಪಿನಲ್ಲಿದ್ದದ್ದು ಬ್ರಾಡ್‌ಕಾಮ್ ಚಿಪ್ಪು, ಅದಕ್ಕೆ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಮಗ ಫೋನಿನಲ್ಲೇ ದಾರಿ ಹೇಳಿದ: ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸಿ ಟೆದರಿಂಗ್ ಆನ್ ಮಾಡಿ, ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಹತ್ತು ನಿಮಿಷದಲ್ಲಿ ವೈಫೈ ಬಂತು. ಆ ರಾತ್ರಿ ನೋಟುಬುಕ್ಕಿನ ಬಲಗಡೆ ಮೊದಲ ನಿಜವಾದ ನಮೂದು ಬಿತ್ತು.

ಸ್ಥಾಪನೆಗೆ ಮುನ್ನ ಮಾಡಿದ ಎರಡು ಕೆಲಸಗಳನ್ನು ಅವರು ಈಗಲೂ ಕೇಳಿದವರಿಗೆಲ್ಲ ಹೇಳುತ್ತಾರೆ. ಮೊದಲನೆಯದು, ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ 240 ಜಿಬಿಯ ಒಂದು ಎಸ್‌ಎಸ್‌ಡಿ ತಂದದ್ದು. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಬೀರುವಿನಲ್ಲಿಟ್ಟರು. ಹೊಸ ಡಿಸ್ಕಿನ ಮೇಲೆ ಏನೇ ಎಡವಟ್ಟಾದರೂ ಹಳೆಯದು ಬೀರುವಿನಲ್ಲಿ ಸುರಕ್ಷಿತ. ನಿಧಾನವಾಗಿದ್ದ ಯಂತ್ರ ಹುಷಾರಾದದ್ದು ಲಿನಕ್ಸಿನಿಂದ ಎಷ್ಟೋ, ಆ ಎಸ್‌ಎಸ್‌ಡಿಯಿಂದಲೂ ಅಷ್ಟೇ. ಎರಡನೆಯದು, 412 ಕಡತಗಳ ಎರಡು ಪ್ರತಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಮಗನ ಬಳಿ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನ ಬರುತ್ತದೆ, ಏನಾದರೂ ಕೆಟ್ಟರೆ ಯಂತ್ರವನ್ನು ನಿನ್ನೆಯ ಸ್ಥಿತಿಗೆ ಮರಳಿಸುತ್ತದೆ. ಆದರೆ ಅದು ವ್ಯವಸ್ಥೆಯ ಕಡತಗಳಿಗಾಗಿ ಇರುವುದು. ನಿಮ್ಮ ಸ್ವಂತ ಬರಹ, ಫೋಟೋಗಳನ್ನು ಅದು ತಾನಾಗಿ ಕಾಯುವುದಿಲ್ಲ. ಹೊಸಬರು ಇವೆರಡನ್ನೂ ಒಂದೇ ಎಂದು ತಿಳಿದರೆ ಮುಂದೆ ಅಳಬೇಕಾಗುತ್ತದೆ.

ಡಿಸ್ಟ್ರೋ ಆರಿಸಿದ್ದು ಎರಡು ವಾರದ ಕೆಲಸ. ಕಲಿಯುವುದು ಬೇರೆಯೇ ಕೆಲಸ. ಒಂದು ಕಾಲದಲ್ಲಿ ಕಲಿಯಲು ಸಾಮಗ್ರಿಯೇ ಸಿಗುತ್ತಿರಲಿಲ್ಲ. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆಗೆ ಬರುತ್ತಿದ್ದ ಲಿನಕ್ಸ್ ಸಿಡಿಗೆ ಜನ ಕಾಯುತ್ತಿದ್ದರು. ಉಬುಂಟುವಿನವರು 2011ರವರೆಗೂ ಕೇಳಿದವರ ಮನೆಗೆ ಪುಕ್ಕಟೆ ಸಿಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಈಗ ತೊಂದರೆ ತಿರುಗುಮುರುಗಾಗಿದೆ. ಎಷ್ಟು ವಿಡಿಯೋಗಳು ಇವೆಯೆಂದರೆ ಒಂಬತ್ತು ರಾತ್ರಿ ನೋಡಿದ ಮೇಲೆ ಲೆಕ್ಕಿಗರಿಗೆ ಮೂವತ್ತು ಡಿಸ್ಟ್ರೋಗಳ ವಾಲ್‌ಪೇಪರ್ ಗೊತ್ತಿತ್ತು, ಒಂದು ಕಡತವನ್ನು ಟರ್ಮಿನಲ್ಲಿನಲ್ಲಿ ನಕಲು ಮಾಡುವುದು ಗೊತ್ತಿರಲಿಲ್ಲ.

ಅವರನ್ನು ದಾರಿಗೆ ಹಚ್ಚಿದ್ದು ಊರಲ್ಲೇ ಇದ್ದ ಒಂದು ಯೋಜನೆ. ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಸುಮಾರು ಹತ್ತು ನಿಮಿಷದ ಪಾಠಗಳು, ಹಲವು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲೂ. ಸ್ವಲ್ಪ ನೋಡು, ನಿಲ್ಲಿಸು, ಪಕ್ಕದ ಕಿಟಕಿಯಲ್ಲಿ ನೀನೇ ಮಾಡು ಎಂಬುದು ಅದರ ಕ್ರಮ. 'ಕಡತಕೋಶ', 'ಆದೇಶ' ಎಂಬ ಕನ್ನಡ ಮಾತುಗಳನ್ನು ಕೇಳುತ್ತ ಬೆರಳಾಡಿಸುವುದು ಅರವತ್ತು ದಾಟಿದವರಿಗೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಇಂಗ್ಲಿಷಿನಲ್ಲೇ ಎಲ್ಲ ಕಲಿತ ಮಗನಿಗೆ ವಿವರಿಸುವುದು ಕಷ್ಟವಾಯಿತು. ಕೆಲವು ಪಾಠಗಳನ್ನು ಹಳೆಯ ಉಬುಂಟುವಿನ ಮೇಲೆ ಮಾಡಿದ್ದರಿಂದ ಪರದೆ ಬೇರೆಯಾಗಿ ಕಾಣುತ್ತದೆ. ಚಿತ್ರವನ್ನು ಬಿಟ್ಟು ಆದೇಶವನ್ನು ಹಿಡಿದರೆ ತೊಂದರೆಯಿಲ್ಲ, ಟರ್ಮಿನಲ್ಲಿನ ಆದೇಶಗಳು ಅಷ್ಟು ಬೇಗ ಬದಲಾಗುವುದಿಲ್ಲ.

ಎರಡನೆಯದು ಒಂದು ಪುಸ್ತಕ. ವಿಲಿಯಂ ಶಾಟ್ಸ್ ಬರೆದ 'ದಿ ಲಿನಕ್ಸ್ ಕಮ್ಯಾಂಡ್ ಲೈನ್' ಉಚಿತವಾಗಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ. ಐನೂರಕ್ಕೂ ಹೆಚ್ಚು ಪುಟ. ಅವರು ಮೊದಲ ನೂರು ಪುಟಗಳನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸ್ಪೈರಲ್ ಹಾಕಿಸಿ, ದಿನಕ್ಕೆ ನಾಲ್ಕು ಪುಟ ಓದಿದರು. ಮೂರನೆಯದು ಯಂತ್ರದೊಳಗೇ ಇರುವ ಕೈಪಿಡಿ. 'ಮ್ಯಾನ್' ಎಂದು ಬರೆದು ಆದೇಶದ ಹೆಸರು ಕೊಟ್ಟರೆ ವಿವರಣೆ ಬರುತ್ತದೆ. 1971ರಲ್ಲಿ ಬಂದ ಯುನಿಕ್ಸಿನ ಮೊದಲ ಕೈಪಿಡಿಯಿಂದ ಬೆಳೆದು ಬಂದ ಪದ್ಧತಿ ಇದು. ಅದರಿಂದ ಹೊರಗೆ ಬರಲು 'ಕ್ಯೂ' ಒತ್ತಬೇಕು ಎಂಬುದನ್ನು ಯಾರಾದರೂ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಹೊಸಬ ಅಲ್ಲೇ ಸಿಕ್ಕಿಹಾಕಿಕೊಂಡು ಕೊನೆಗೆ ಕಿಟಕಿಯನ್ನೇ ಮುಚ್ಚುತ್ತಾನೆ. ನಾಲ್ಕನೆಯದು, ಹುಡುಗನ ಮಾತು ಪೂರ್ತಿ ಸುಳ್ಳಲ್ಲವೆಂದು ತೋರಿಸಿದ ಆರ್ಚ್‌ವಿಕಿ. ಆರ್ಚ್ ಬಳಸದವರಿಗೂ ಅದರಲ್ಲಿ ಪ್ರಿಂಟರು, ಫಾಂಟು, ಬ್ಲೂಟೂತು ಹೇಗೆ ಕೆಲಸ ಮಾಡುತ್ತವೆಂಬ ವಿವರ ಸಿಗುತ್ತದೆ. ಆದೇಶಗಳನ್ನು ಮಾತ್ರ ಹಾಗೇ ಎತ್ತಿಕೊಳ್ಳಬಾರದು.

ಈ ಕೊನೆಯ ಮಾತು ಎಲ್ಲ ಕಡೆಗೂ ಹೊಂದುತ್ತದೆ. ಒಮ್ಮೆ ಎಐ ಚಾಟ್‌ಬಾಟ್ ಒಂದನ್ನು ಕೇಳಿದಾಗ ಅದು 'ಡಿಎನ್‌ಎಫ್' ಎಂದು ಶುರುವಾಗುವ ಆದೇಶ ಕೊಟ್ಟಿತು. ಮಿಂಟ್‌ನಲ್ಲಿ ಅಂಥ ಆದೇಶವೇ ಇಲ್ಲ. ಅದು ಫೆಡೋರಾದ ಪದ್ಧತಿ, ಡೆಬಿಯನ್ ಮನೆತನದಲ್ಲಿ 'ಎಪಿಟಿ'. ಪ್ರಶ್ನೆಯಲ್ಲಿ ಡಿಸ್ಟ್ರೋದ ಹೆಸರನ್ನೂ ಆವೃತ್ತಿಯನ್ನೂ ಹೇಳಿದಾಗ ಉತ್ತರ ಸರಿಯಾಯಿತು. ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆದ ಕೈ ಅವರದು. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಪರದೆಯ ಮೇಲೆ ಬಂದ ಸಾಲು ಅಕ್ಷರಶಃ ಏನು, ಈ ನಾಲ್ಕನ್ನು ಬರೆದು ಕೇಳುವ ರೂಢಿ ಮಾಡಿಕೊಂಡ ಮೇಲೆ ಮಗನ ಉತ್ತರವೂ ಚುರುಕಾಯಿತು. 'ಸುಡೋ' ಎಂದು ಶುರುವಾಗುವ ಯಾವ ಸಾಲನ್ನೂ ಅರ್ಥವಾಗದೆ ಅಂಟಿಸಬಾರದು ಎಂಬುದು ನೋಟುಬುಕ್ಕಿನ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿದೆ. ಅದು ಯಜಮಾನನ ಅಧಿಕಾರದಲ್ಲಿ ನಡೆಯುವ ಆದೇಶ, ಹಾಳು ಮಾಡಿದರೂ ಯಜಮಾನನ ಅಧಿಕಾರದಲ್ಲೇ ಹಾಳು ಮಾಡುತ್ತದೆ.

ಇಷ್ಟೆಲ್ಲ ಆದಮೇಲೆ ಬಂತು ಹಾಡುಗಳ ಸರದಿ. ಮಿಂಟ್‌ನಲ್ಲಿದ್ದ ಲಿಬ್ರೆ ಆಫೀಸಿನಲ್ಲಿ ಮೊದಲ ಕಡತ ತೆರೆದಾಗ ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಕಾಲಿಗೆ ಬಾಲ, ನಡುವೆ ಪೌಂಡಿನ ಚಿಹ್ನೆ. ಅವರು ಐದು ನಿಮಿಷ ಸುಮ್ಮನೆ ಕೂತರು. ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿಯಲ್ಲಿ ಟೈಪು ಮಾಡಿದ್ದು ಯುನಿಕೋಡ್ ಕನ್ನಡವಲ್ಲ. ಒಳಗೆ ಕೂತಿರುವುದು ಲ್ಯಾಟಿನ್ ಲಿಪಿಯ ಸಂಕೇತಗಳೇ, ನುಡಿಯ ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದಲ್ಲಿ ವೇಷ ಕಳಚುತ್ತದೆ. ಬೀರುವಿನಲ್ಲಿದ್ದ ಡಿಸ್ಕಿನಿಂದ ಆ ಫಾಂಟನ್ನು ನಕಲು ಮಾಡಿ, ಮನೆಕೋಶದಲ್ಲಿ ಫಾಂಟುಗಳಿಗೆಂದು ಇರುವ ಅಡಗಿದ ಕೋಶದಲ್ಲಿಟ್ಟಾಗ ಹಾಡುಗಳು ಮತ್ತೆ ಕನ್ನಡದಲ್ಲಿ ಎದ್ದು ನಿಂತವು.

ಆದರೆ ವೇಷದ ಮೇಲೆ ಎಷ್ಟು ದಿನ ನಂಬಿಕೆ ಇಡುವುದು? ಯುನಿಕೋಡಿಗೆ ಬದಲಿಸಿದರೆ ಯಾವ ಯಂತ್ರದಲ್ಲೂ, ಮೊಬೈಲಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಅದಕ್ಕೆ ಮುಕ್ತ ಪರಿವರ್ತಕಗಳಿವೆ. ಮಗ ಒಂದು ಭಾನುವಾರ ಫೋನಿನಲ್ಲೇ ಕೂತು, 412 ಕಡತಗಳ ನಕಲನ್ನು ಒಂದೇ ಆದೇಶದಲ್ಲಿ ಬರಿಯ ಪಠ್ಯಕ್ಕೆ ಇಳಿಸುವುದನ್ನು, ಆಮೇಲೆ ಪರಿವರ್ತಕಕ್ಕೆ ಕೊಡುವುದನ್ನು ಹೇಳಿಕೊಟ್ಟ. ಟೈಪು ಮಾಡಿದ್ದು ಅಪ್ಪ. ಮೊದಲು ಹತ್ತು ಕಡತ ಬದಲಿಸಿ, ಮುದ್ರಿಸಿದ ಹಳೆಯ ಪ್ರತಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರು. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತ್ತು, ನಡುನಡುವೆ ಇಂಗ್ಲಿಷಿನಲ್ಲಿದ್ದ ಪದಗಳು ಅರ್ಥವಿಲ್ಲದ ಕನ್ನಡವಾಗಿದ್ದವು. ಅವನ್ನೆಲ್ಲ ತಿದ್ದಲು ಎರಡು ತಿಂಗಳು ಬೇಕಾಯಿತು.

ತಿದ್ದಲು ಟೈಪು ಮಾಡಬೇಕಲ್ಲ. ಮಿಂಟ್‌ನ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬುದು ಆಗಲೇ ಇತ್ತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲೂ ಬಳಕೆಯಾದ ಕೀಲಿಮಣೆ ಅದು. ಹೆಂಡತಿ ಕಲಿಸಿಕೊಟ್ಟಿದ್ದ ಬೆರಳಿನ ನಡೆ, ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ, ಯಾವುದನ್ನೂ ಬಿಡಬೇಕಾಗಲಿಲ್ಲ. ಫಾಂಟುಗಳಿಗೂ ಕೊರತೆಯಿಲ್ಲ. ಡೆಬಿಯನ್ ಮನೆತನದ ಕಣಜದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡದ ಮುಕ್ತ ಫಾಂಟುಗಳಿವೆ, ಲೋಹಿತ್ ಇದೆ. ಸಂಸ್ಕೃತದಲ್ಲಿ ಲೋಹಿತವೆಂದರೆ ಕೆಂಪು. ರೆಡ್ ಹ್ಯಾಟ್ ಮುಕ್ತವಾಗಿ ಬಿಡುಗಡೆ ಮಾಡಿದ ಫಾಂಟು ಅದು, ಅದರ ಕೆಲಸ ಪುಣೆಯಲ್ಲಿ ನಡೆದದ್ದು. ಹೊರನಾಡಿನಲ್ಲಿ ಕೂತ ಕನ್ನಡಿಗನ ಪರದೆಯ ಅಕ್ಷರ ಹೊರನಾಡಿನಲ್ಲೇ ರೂಪುಗೊಂಡದ್ದು ಎಂಬುದು ಅವರಿಗೆ ಖುಷಿ ಕೊಟ್ಟಿತು.

ಟರ್ಮಿನಲ್ ಯಾಕೆ ಕಲಿಯಬೇಕು, ಮೌಸ್ ಸಾಲದೇ ಎಂದು ಅವರೂ ಕೇಳಿದ್ದುಂಟು. ಉತ್ತರ ಸಿಕ್ಕಿದ್ದು 'ಗ್ರೆಪ್' ಎಂಬ ಆದೇಶದಿಂದ. ಕೆನ್ ಥಾಂಪ್ಸನ್ ಬರೆದ ಹಳೆಯ ಸಾಧನ, ಕಡತಗಳೊಳಗೆ ಒಂದು ಪದ ಎಲ್ಲೆಲ್ಲಿದೆ ಎಂದು ಹುಡುಕಿ ಕೊಡುತ್ತದೆ. ಹಳೆಯ ಸಂಕೇತದಲ್ಲಿ ಕನ್ನಡ ಪದ ಬರೆದು ಹೀಗೆ ಹುಡುಕುವಂತಿರಲಿಲ್ಲ. ಈಗ 'ಬೀಸುಕಲ್ಲು' ಎಂದು ಕೊಟ್ಟರೆ ಕ್ಷಣದಲ್ಲಿ ಅದು ಬರುವ ಎಲ್ಲ ಹಾಡುಗಳ ಸಾಲು. ಅತ್ತೆಯ ಹೆಸರು ಕೊಟ್ಟರು. 'ಹೇಳಿದವರು' ಎಂದು ಅವರ ಹೆಸರಿರುವ 37 ಹಾಡುಗಳು ಬಂದವು. ಅಷ್ಟೊಂದು ಹಾಡು ಅತ್ತೆಗೆ ಬರುತ್ತಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ 'ಕೇಳಬೇಕು' ಎಂಬ ಪದ ಕೊಟ್ಟು ನೋಡಿದರು. ಹೆಂಡತಿ ಅರ್ಧಕ್ಕೆ ಬಿಟ್ಟ ಹಾಡುಗಳ ಕೆಳಗೆ ತನಗೇ ಬರೆದುಕೊಂಡ ಟಿಪ್ಪಣಿಗಳು ಒಂದೊಂದಾಗಿ ಮೇಲೆ ಬಂದವು. ಹನ್ನೊಂದು ಇದ್ದವು. ಒಂದರ ಕೆಳಗೆ, ಕೊನೆಯ ನುಡಿ ಅಕ್ಕನನ್ನು ಕೇಳಬೇಕು ಎಂದಿತ್ತು.

ಅವರು ಆ ಅಕ್ಕನಿಗೆ ಫೋನು ಮಾಡಿದರು. "ಅಕ್ಕಾರ, ಈ ಹಾಡಿನ ಕಡೀ ನುಡಿ ನಿಮಗ ನೆನಪೈತೇನ್ರಿ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಹಂಗ ಕೇಳಿದರ ಬರೂದಿಲ್ಲರಿ. ಹಾಡಿಕೋತ ಹೋದರ ಬರ್ತೈತಿ. ತಡೀರಿ, ಮೊದಲಿಂದ ಹಾಡ್ತೇನಿ." ಎಪ್ಪತ್ತರ ಆ ಹೆಂಗಸು ಫೋನಿನಲ್ಲಿ ಮೊದಲ ನುಡಿಯಿಂದ ಹಾಡುತ್ತ ಬಂದರು, ಕೊನೆಯದು ತಾನಾಗಿ ಬಂತು. ಹನ್ನೊಂದರಲ್ಲಿ ಈವರೆಗೆ ನಾಲ್ಕು ಪೂರ್ತಿಯಾಗಿವೆ.

ಎಲ್ಲವೂ ಸಸಾರವಾಯಿತೆಂದಲ್ಲ. ಅವರ ಹಳೆಯ ಸ್ಕ್ಯಾನರು ಈಗಲೂ ಮಿಂಟ್‌ನಲ್ಲಿ ಮಾತು ಕೇಳುವುದಿಲ್ಲ. ಪಿಂಚಣಿದಾರರ ಜೀವನ್ ಪ್ರಮಾಣ್ ಪತ್ರಕ್ಕೆ ಮೊಬೈಲನ್ನೇ ಹಿಡಿಯುತ್ತಾರೆ. ಕೆಲವು ತಂತ್ರಾಂಶಗಳು ವಿಂಡೋಸಿಗೆ ಮಾತ್ರ ಬರುತ್ತವೆ, ನುಡಿಯೂ ಹಾಗೆ. ಯಾರ ಹೊಟ್ಟೆಪಾಡು ಅಂಥ ಒಂದು ತಂತ್ರಾಂಶದ ಮೇಲೆ ನಿಂತಿದೆಯೋ ಅವರು ಪೂರ್ತಿ ಜಿಗಿಯುವ ಮುನ್ನ ಪೆನ್‌ಡ್ರೈವಿನಿಂದ ನಾಲ್ಕು ದಿನ ಓಡಿಸಿ ನೋಡುವುದೇ ಒಳ್ಳೆಯದು.

ಎದುರಿಗೆ ಕೂತು ಕಲಿಯಬೇಕೆನ್ನುವವರಿಗೂ ದಾರಿಗಳುಂಟು. ಚೆನ್ನೈ, ಪುಣೆ, ಮುಂಬಯಿ, ದೆಹಲಿಗಳಲ್ಲಿ ಲಿನಕ್ಸ್ ಬಳಕೆದಾರರ ಗುಂಪುಗಳು ಹಲವು ವರ್ಷಗಳ ಹಿಂದೆಯೇ ಹುಟ್ಟಿವೆ. ಹೈದರಾಬಾದಿನಲ್ಲಿ ಸ್ವೇಚ್ಛಾ, ಬೆಂಗಳೂರಿನಲ್ಲಿ ಎಫ್‌ಎಸ್‌ಎಂಕೆ ಎಂಬ ಮುಕ್ತ ತಂತ್ರಾಂಶದ ಸಂಘಟನೆಗಳಿವೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಮೇಲೆಯೇ ಐಟಿ ಪಾಠ ಕಲಿಯುತ್ತಾರೆ, ಅಲ್ಲಿಯ ಹತ್ತನೇ ತರಗತಿಯ ಹುಡುಗಿಯೊಬ್ಬಳು ನಿಮ್ಮ ನೆರೆಮನೆಯಲ್ಲಿದ್ದರೆ ಅವಳೇ ಗುರು.

ಕಳೆದ ತಿಂಗಳು ಮುಲುಂಡಿನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ನಿಮ್ಮ ಯಂತ್ರ ಹುಷಾರಾಯಿತಂತಲ್ಲ, ಯಾವ ಲಿನಕ್ಸ್ ಚಲೋ ಎಂದು ಕೇಳಿದರು. ಲೆಕ್ಕಿಗರು ಹೆಸರು ಹೇಳಲಿಲ್ಲ. ನಿಮ್ಮಲ್ಲಿ ನಿಲ್ಲಬಾರದ ಕೆಲಸ ಯಾವುವು, ಒಂದು ಹಾಳೆಯಲ್ಲಿ ಬರೆದಿಡಿ ಎಂದರು. ಹತ್ತಿರದಲ್ಲಿ ಗೊತ್ತಿರುವವರು ಯಾರಿದ್ದಾರೆ, ಅವರು ಏನು ಬಳಸುತ್ತಾರೆ, ಅದನ್ನೂ ಕೇಳಿ ಬರೆದಿಡಿ. ಆ ಕಡೆಯವರು ಸ್ವಲ್ಪ ಯೋಚಿಸಿ, ಗೊತ್ತಿರುವವರು ಅಂದರೆ ನೀವೇ ಎಂದರು.

ಹಾಗಾದರೆ ಮಿಂಟ್ ಎಂದು ಹೇಳಿ, ಭಾನುವಾರ ಬೆಳಗಿನ ಸ್ಲೋ ಲೋಕಲ್ಲಿಗೆ ಬರುತ್ತೇನೆ, ಕಡತಗಳ ಪ್ರತಿ ಮಾತ್ರ ಶನಿವಾರವೇ ಮಾಡಿಟ್ಟಿರಿ ಎಂದು ಫೋನು ಇಟ್ಟರು.